ಬೀಗ ತೆರೆದ ಕಾನೂನು ಕಪಾಟು

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಾಯಿತು. ತಿದ್ದುಪಡಿ ಜಾರಿಗೆ ಬಂದದ್ದು ಆ ವರ್ಷದ ಸೆಪ್ಟೆಂಬರ್ 9ರಂದು. ಅದಕ್ಕೂ ಮೊದಲೇ ತಂದೆ ತೀರಿಹೋಗಿದ್ದರೆ ಮಗಳ ಗತಿಯೇನು? ಬೆಳಗಾವಿಯ ನ್ಯಾಯಾಲಯದಲ್ಲಿ 1992ರಲ್ಲಿ ಹೂಡಿದ್ದ ಪಾಲಿನ ದಾವೆಯೊಂದು ಈ ಪ್ರಶ್ನೆಯನ್ನು ಹೊತ್ತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರಕಾಶ್ ವಿರುದ್ಧ ಫೂಲವತಿ ಎಂಬ ಆ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ 2015ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು: ತಿದ್ದುಪಡಿ ಜಾರಿಯಾದ ದಿನ ತಂದೆಯೂ ಮಗಳೂ ಬದುಕಿರಬೇಕು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣ ಬಂತು, ದಾನಮ್ಮ ವಿರುದ್ಧ ಅಮರ್. ಅಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡೂ ಸುಪ್ರೀಂ ಕೋರ್ಟಿನ ತೀರ್ಪುಗಳೇ, ಎರಡೂ ಪೀಠಗಳಲ್ಲಿ ಇದ್ದವರು ಇಬ್ಬಿಬ್ಬರೇ. ಈ ಗೊಂದಲವನ್ನು ಬಿಡಿಸಿದ್ದು ಮೂವರು ನ್ಯಾಯಮೂರ್ತಿಗಳ ಪೀಠ, 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ ಎಂದು ಅದು ಹೇಳಿತು. ಫೂಲವತಿ ತೀರ್ಪು ಅಂದಿಗೆ ಬಿದ್ದುಹೋಯಿತು.

ಬಿದ್ದುಹೋದ ತೀರ್ಪು ಪುಸ್ತಕದಿಂದ ಅಳಿಸಿಹೋಗುವುದಿಲ್ಲ. 2016ರ ಸಂಪುಟದಲ್ಲಿ ಅದು ಇವತ್ತಿಗೂ ಅಚ್ಚುಕಟ್ಟಾಗಿ, ಅದೇ ಗಾಂಭೀರ್ಯದಿಂದ ಕುಳಿತಿದೆ. ತಾಲ್ಲೂಕು ಕೇಂದ್ರದ ವಕೀಲರ ಸಂಘದ ಕಪಾಟಿನಲ್ಲಿ ಸಂಪುಟಗಳು 2017ಕ್ಕೇ ನಿಂತುಹೋಗಿದ್ದರೆ, ಅದನ್ನು ನಂಬಿ ವಾದಕ್ಕೆ ನಿಲ್ಲುವ ಜೂನಿಯರ್ ವಕೀಲರ ಪಾಡು ಏನು? ಅವರಿಗಿಂತ ಹೆಚ್ಚಿನ ನಷ್ಟ, ತವರಿನ ಎರಡೆಕರೆಯಲ್ಲಿ ತನಗೇನಾದರೂ ಉಂಟೇ ಎಂದು ಕೇಳಲು ಬಂದ ಹೆಣ್ಣುಮಗಳಿಗೆ. ಕಾನೂನು ಗ್ರಂಥಾಲಯವೆಂದರೆ ತೀರ್ಪುಗಳನ್ನು ಜೋಡಿಸಿಡುವ ಕೋಣೆ ಎಂದುಕೊಂಡರೆ ಅರ್ಧ ಕೆಲಸ ಮಾತ್ರ ಆಯಿತು. ಯಾವ ತೀರ್ಪು ಇನ್ನೂ ಜೀವಂತವಾಗಿದೆ ಎಂದು ಅದು ತಿಳಿಸಬೇಕು.

ಆ ಉಳಿದರ್ಧ ಕೆಲಸ ಬಹುಕಾಲ ದುಡ್ಡಿದ್ದವರಿಗಷ್ಟೇ ಸಿಗುತ್ತಿತ್ತು. ಬ್ರಿಟಿಷರ ಕಾಲದ ಭಾರತೀಯ ಕಾನೂನು ವರದಿಗಳ ಕಾಯ್ದೆ 1875ರದ್ದು. ಹೈಕೋರ್ಟುಗಳ ಅಧಿಕೃತ ವರದಿ ಮಾಲೆ ಐಎಲ್‌ಆರ್ ಅದರ ಕೂಸು. ನಾಗಪುರದಿಂದ ಆಲ್ ಇಂಡಿಯಾ ರಿಪೋರ್ಟರ್, ವಕೀಲರ ಬಾಯಲ್ಲಿ ಎಐಆರ್, 1914ರಲ್ಲಿ ಹೊರಡತೊಡಗಿತು. ಲಖನೌದ ಈಸ್ಟರ್ನ್ ಬುಕ್ ಕಂಪನಿಯ ಎಸ್‌ಸಿಸಿ, ಅಂದರೆ ಸುಪ್ರೀಂ ಕೋರ್ಟ್ ಕೇಸಸ್, 1969ರಿಂದ ಬರುತ್ತಿದೆ. ಇವುಗಳ ಪೂರ್ತಿ ಸೆಟ್ಟು ಇದ್ದ ಸೀನಿಯರ್ ಕಚೇರಿಗೆ ಸೇರಿಕೊಳ್ಳುವುದೇ ಹೊಸ ವಕೀಲನ ಭಾಗ್ಯವಾಗಿತ್ತು. ಇಲ್ಲದವರು ಹೈಕೋರ್ಟಿಗೆ ಹೋಗುವ ಪರಿಚಿತರ ಕೈಯಲ್ಲಿ ಚೀಟಿ ಕೊಟ್ಟು, ಇಂಥ ಪುಟದ ಜೆರಾಕ್ಸ್ ತನ್ನಿ ಎಂದು ಬೇಡಿಕೊಳ್ಳಬೇಕಿತ್ತು.

ಒಂದೇ ತೀರ್ಪಿಗೆ ಹಲವು ವಿಳಾಸಗಳಿರುವುದು ಇನ್ನೊಂದು ತೊಡಕು. ಕೇಶವಾನಂದ ಭಾರತಿ ಪ್ರಕರಣವನ್ನೇ ನೋಡಿ. ನಾಗಪುರದ ಮಾಲೆಯಲ್ಲಿ ಅದು ಎಐಆರ್ 1973 ಎಸ್‌ಸಿ 1461. ಲಖನೌದ ಮಾಲೆಯಲ್ಲಿ (1973) 4 ಎಸ್‌ಸಿಸಿ 225. ಸುಪ್ರೀಂ ಕೋರ್ಟಿನ ಸ್ವಂತ ವರದಿ ಎಸ್‌ಸಿಆರ್‌ನಲ್ಲಿ 1973ರ ಪೂರಕ ಸಂಪುಟದ ಮೊದಲ ಪುಟ. ವಕೀಲರು ಒಂದು ಸಂಖ್ಯೆ ಹೇಳುತ್ತಾರೆ, ಎದುರಿನ ವಕೀಲರ ಕೈಯಲ್ಲಿ ಇನ್ನೊಂದು ಪುಸ್ತಕ, ನ್ಯಾಯಾಧೀಶರ ಮೇಜಿನ ಮೇಲೆ ಮೂರನೆಯದು. ಮೂವರೂ ಒಂದೇ ಪ್ಯಾರಾ ಹುಡುಕಿ ತೆಗೆಯುವಷ್ಟರಲ್ಲಿ ಬೋರ್ಡಿನ ಮುಂದಿನ ಪ್ರಕರಣ ಕೂಗುವ ಹೊತ್ತಾಗಿರುತ್ತದೆ.

ಹಾಗಾದರೆ ತೀರ್ಪು ಯಾರ ಸ್ವತ್ತು? ಜನರ ತೆರಿಗೆ ಹಣದಲ್ಲಿ ಸಂಬಳ ಪಡೆಯುವ ನ್ಯಾಯಾಧೀಶರು ಜನರ ವ್ಯಾಜ್ಯದ ಬಗ್ಗೆ ಬರೆದದ್ದು ಪ್ರಕಾಶಕರ ಕಪಾಟಿಗೆ ಸೇರುವುದು ಹೇಗೆ? ಈ ಪ್ರಶ್ನೆ ಸ್ವತಃ ಸುಪ್ರೀಂ ಕೋರ್ಟಿನ ಕಟ್ಟೆ ಹತ್ತಿತು. ಎಸ್‌ಸಿಸಿಯಲ್ಲಿದ್ದ ಸಾಮಗ್ರಿಯನ್ನು ಬಳಸಿ ಎರಡು ಸಂಸ್ಥೆಗಳು ಸಿ.ಡಿ. ರೂಪದ ತಂತ್ರಾಂಶ ಹೊರತಂದಾಗ, ಈಸ್ಟರ್ನ್ ಬುಕ್ ಕಂಪನಿ ಕೃತಿಸ್ವಾಮ್ಯ ಉಲ್ಲಂಘನೆ ಆಯಿತೆಂದು ದಾವೆ ಹೂಡಿತು. 2007ರ ಡಿಸೆಂಬರ್ 12ರಂದು ಬಂದ ತೀರ್ಪು ಅಳೆದು ತೂಗಿ ಗೆರೆ ಎಳೆಯಿತು. ನ್ಯಾಯಾಲಯ ಕೊಟ್ಟ ತೀರ್ಪಿನ ಮೂಲ ಪಠ್ಯ ಎಲ್ಲರದ್ದು, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಸಣ್ಣಪುಟ್ಟ ತಿದ್ದುಪಡಿ, ಕಾಗುಣಿತದ ಸರಿಪಡಿಕೆಯಿಂದ ಅದರ ಮೇಲೆ ಹಕ್ಕು ಬರುವುದಿಲ್ಲ. ಆದರೆ ಪ್ಯಾರಾಗಳನ್ನು ವಿಂಗಡಿಸಿ ಸಂಖ್ಯೆ ಹಾಕುವುದು, ಯಾವ ನ್ಯಾಯಮೂರ್ತಿ ಒಪ್ಪಿದರು, ಯಾರು ಭಿನ್ನಾಭಿಪ್ರಾಯ ಬರೆದರು ಎಂದು ಗುರುತಿಸುವುದು ಸಂಪಾದಕರ ಬುದ್ಧಿಶ್ರಮ. ಅದಕ್ಕೆ ರಕ್ಷಣೆ ಉಂಟು. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52 ಕೂಡ, ನ್ಯಾಯಾಲಯವೇ ನಿಷೇಧಿಸದ ಹೊರತು ತೀರ್ಪಿನ ಮರುಪ್ರಕಟಣೆ ಉಲ್ಲಂಘನೆಯಲ್ಲ ಎನ್ನುತ್ತದೆ.

ತೀರ್ಪು ಬಂದ ಮರು ತಿಂಗಳೇ, 2008ರ ಜನವರಿಯಲ್ಲಿ, ತೀರ್ಪು ಹುಡುಕುವ ಇಂಡಿಯನ್ ಕಾನೂನ್ ಎಂಬ ಜಾಲತಾಣ ಶುರುವಾಯಿತು. ಕಟ್ಟಿದವರು ಸುಶಾಂತ್ ಸಿನ್ಹಾ. ಅವರು ವಕೀಲರಲ್ಲ, ಆಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ಕಾಯ್ದೆಯ ಸೆಕ್ಷನ್ನುಗಳನ್ನೂ ಆ ಸೆಕ್ಷನ್ನನ್ನು ವಿವರಿಸಿದ ತೀರ್ಪುಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿಟ್ಟದ್ದು ಅದರ ದೊಡ್ಡ ಗುಣ. ಇವತ್ತು ಕಾನೂನು ಕಾಲೇಜಿನ ಹುಡುಗರು ಮೊಬೈಲಿನಲ್ಲಿ ಮೊದಲು ತೆರೆಯುವುದೇ ಇದನ್ನು. ಫೂಲವತಿ ತೀರ್ಪನ್ನು ಅಲ್ಲಿ ತೆರೆದರೆ, ಮುಂದೆ ಅದನ್ನು ಉಲ್ಲೇಖಿಸಿದ ತೀರ್ಪುಗಳ ಪಟ್ಟಿಯೂ ಸಿಗುತ್ತದೆ. ಆ ಪಟ್ಟಿಯಲ್ಲಿ ವಿನೀತಾ ಶರ್ಮಾ ಪ್ರಕರಣ ಕಂಡರೆ, ತೆರೆದು ಓದಿದವನಿಗೆ ಸತ್ಯ ತಿಳಿಯುತ್ತದೆ. ತೆರೆಯದೆ ಮುಂದೆ ಹೋದವನಿಗೆ ತಿಳಿಯುವುದಿಲ್ಲ. ದುಡ್ಡು ಕೊಟ್ಟು ಪಡೆಯುವ ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥ ಸೇವೆಗಳು ಬೆಲೆ ಉಳಿಸಿಕೊಂಡಿರುವುದು ಮುಖ್ಯವಾಗಿ ಇಲ್ಲಿಯೇ: ನುರಿತ ಸಂಪಾದಕರು ಬರೆದ ಸಾರ, ಮತ್ತು ತೀರ್ಪು ಊರ್ಜಿತವೋ ರದ್ದೋ ಎಂಬ ಗುರುತು.

ಬಾಗಿಲು ತೆರೆದ ಮೇಲೆ ಗಾಳಿಯ ಜೊತೆ ಧೂಳೂ ಬಂತು. ತೀರ್ಪಿನಲ್ಲಿ ಕಕ್ಷಿದಾರರ ಹೆಸರು, ಸಂಸಾರದ ಜಗಳ, ಕಾಯಿಲೆ, ಎಲ್ಲವೂ ಇರುತ್ತದೆ. ಸಂಪುಟದಲ್ಲಿ ಮುಚ್ಚಿಹೋಗಿದ್ದದ್ದು ಈಗ ಹೆಸರು ಹಾಕಿ ಹುಡುಕಿದರೆ ಎದ್ದು ಬರುತ್ತದೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಮದುವೆಯ ವಿವಾದವೊಂದಕ್ಕೆ ಸಂಬಂಧಿಸಿದ ಆದೇಶದಲ್ಲಿ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ತೀರ್ಪೊಂದನ್ನು ತಾಣದಿಂದ ತೆಗೆಯುವಂತೆ ಇಂಡಿಯನ್ ಕಾನೂನ್‌ಗೆ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶಕ್ಕೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ನ್ಯಾಯದಾನ ಬಹಿರಂಗವಾಗಿರಬೇಕು, ನೊಂದವರ ಖಾಸಗಿತನವೂ ಉಳಿಯಬೇಕು. ಹೆಸರು ಮರೆಮಾಡಿ ತೀರ್ಪನ್ನು ಉಳಿಸಿಕೊಳ್ಳುವ ದಾರಿಯೇ ಇವೆರಡರ ನಡುವೆ ಹೆಚ್ಚು ನ್ಯಾಯವಾದದ್ದೆಂದು ತೋರುತ್ತದೆ.

ಖಾಸಗಿಯವರು ತೆರೆದ ದಾರಿಗೆ ನ್ಯಾಯಾಲಯವೂ ಬಂತು. 2021ರಲ್ಲಿ ಇ-ಕೋರ್ಟ್ಸ್ ಯೋಜನೆಯಡಿ ಹೈಕೋರ್ಟುಗಳ ತೀರ್ಪುಗಳನ್ನು ಪದ ಹಾಕಿ ಹುಡುಕುವ ಜಾಲತಾಣ ಶುರುವಾಯಿತು. 2023ರ ಜನವರಿ 2ರಂದು, ಡಿ.ವೈ. ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿಗಳಾಗಿದ್ದಾಗ, ಇ-ಎಸ್‌ಸಿಆರ್ ಬಂತು. ಸುಪ್ರೀಂ ಕೋರ್ಟಿನ ಅಧಿಕೃತ ವರದಿಯಲ್ಲಿ ಅಚ್ಚಾದ ಸುಮಾರು 34,000 ತೀರ್ಪುಗಳು ಉಚಿತವಾಗಿ ಎಲ್ಲರ ಕೈಗೆ ಸಿಕ್ಕವು. ಹುಡುಕುವ ಯಂತ್ರವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪುಣೆ ಘಟಕ. ಮರು ವರ್ಷ ಜನವರಿ 28ರಂದು, ಸುಪ್ರೀಂ ಕೋರ್ಟಿನ 75ನೇ ವರ್ಷಾಚರಣೆಯ ಸಂದರ್ಭದಲ್ಲಿ, ಅದರ ಮುಂದಿನ ರೂಪವಾದ ಡಿಜಿ ಎಸ್‌ಸಿಆರ್ ಬಿಡುಗಡೆಯಾಯಿತು. 1950ರಿಂದ ಈಚಿನ 519 ಸಂಪುಟಗಳು, 36,308 ಪ್ರಕರಣಗಳು. ಒಂದು ಸಣ್ಣ ಮನೆಯ ಗೋಡೆಗಳನ್ನೆಲ್ಲ ತುಂಬುವಷ್ಟು ಪುಸ್ತಕಗಳು ಸುರಪುರದಲ್ಲಿ ಕುಳಿತವರಿಗೂ ದೆಹಲಿಯಲ್ಲಿ ಕುಳಿತವರಿಗೂ ಒಂದೇ ಸಮ.

ಇದರ ಮಹತ್ವ ಉಚಿತ ಎಂಬುದಷ್ಟರಲ್ಲೇ ಮುಗಿಯುವುದಿಲ್ಲ. ಎಸ್‌ಸಿಆರ್ ಸುಪ್ರೀಂ ಕೋರ್ಟಿನದೇ ವರದಿಯಾದ್ದರಿಂದ ತೀರ್ಪಿನ ತಲೆಯಲ್ಲಿರುವ ಸಾರಾಂಶವೂ, ಅಂದರೆ ಹೆಡ್‌ನೋಟ್ ಕೂಡ, ಅಧಿಕೃತ ಪ್ರಕಟಣೆಯ ಭಾಗ. ಇನ್ನೂರು ಪುಟದ ತೀರ್ಪಿನಲ್ಲಿ ತನಗೆ ಬೇಕಾದ ಕಾನೂನಿನ ಅಂಶ ಇದೆಯೋ ಇಲ್ಲವೋ ಎಂದು ಮೊದಲ ಎರಡು ಪುಟದಲ್ಲೇ ತಿಳಿದುಬಿಡುತ್ತದೆ. ಹೊಸಬರಿಗೆ ಹಿರಿಯರು ಹೇಳುವ ಒಂದು ಮಾತು ಇಲ್ಲಿಗೂ ಸಲ್ಲುತ್ತದೆ: ಹೆಡ್‌ನೋಟ್ ದಾರಿ ತೋರಿಸಲಿ, ಆದರೆ ನ್ಯಾಯಾಲಯದಲ್ಲಿ ಓದುವುದು ತೀರ್ಪಿನ ಪ್ಯಾರಾವನ್ನೇ.

ವಿಳಾಸದ ಗೊಂದಲಕ್ಕೂ ಮದ್ದು ಸಿಕ್ಕಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಟಸ್ಥ ಉಲ್ಲೇಖ ಪದ್ಧತಿಯನ್ನು ಪ್ರಕಟಿಸಿತು. ಯಾವ ಪ್ರಕಾಶಕರ ಹೆಸರೂ ಇಲ್ಲದ, ನ್ಯಾಯಾಲಯವೇ ಕೊಡುವ ಒಂದು ಸಂಖ್ಯೆ: ಮೊದಲು ವರ್ಷ, ಆಮೇಲೆ ಐಎನ್‌ಎಸ್‌ಸಿ ಎಂಬ ಸಂಕೇತ, ಕೊನೆಗೆ ಆ ವರ್ಷದ ಕ್ರಮಾಂಕ. ಹಳೆಯ ತೀರ್ಪುಗಳಿಗೂ ಇಂಥ ಸಂಖ್ಯೆ ಬಂದಿದೆ. ಕರ್ನಾಟಕ ಹೈಕೋರ್ಟಿನ ತೀರ್ಪುಗಳ ಮೇಲೂ ಈಗ ಇದು ಕಾಣುತ್ತದೆ. ಬೆಂಗಳೂರಿನ ಪ್ರಧಾನ ಪೀಠದ್ದಾದರೆ ವರ್ಷದ ಪಕ್ಕ ಕೆಎಚ್‌ಸಿ, ಧಾರವಾಡ ಪೀಠದ್ದಾದರೆ ಕೆಎಚ್‌ಸಿ-ಡಿ, ಕಲಬುರಗಿಯದ್ದಾದರೆ ಕೆಎಚ್‌ಸಿ-ಕೆ. ಪುಟದ ಮೇಲ್ಭಾಗದ ಈ ಒಂದು ಸಾಲು ನೋಡಿದರೆ ಸಾಕು, ತೀರ್ಪು ಎಲ್ಲಿ ಹುಟ್ಟಿತು, ಯಾವ ವರ್ಷದ್ದು ಎಂಬುದು ಗೊತ್ತಾಗುತ್ತದೆ. ಯಾವ ಮಾಲೆಗೂ ಚಂದಾ ಕಟ್ಟದೆ ಅದನ್ನು ಉಲ್ಲೇಖಿಸಬಹುದು.

ಕೇಶವಾನಂದ ಭಾರತಿ ಪ್ರಕರಣಕ್ಕೆ ಮತ್ತೊಮ್ಮೆ ಬರಲೇಬೇಕು, ಏಕೆಂದರೆ ಅದರ ಮೂಲ ಕಾಸರಗೋಡಿನ ಎಡನೀರು ಮಠ. ಕನ್ನಡದ, ಯಕ್ಷಗಾನದ ನೆಲೆಯಾದ ಆ ಮಠದ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದಿತು. ಕಾನೂನು ವಿದ್ಯಾರ್ಥಿಗಳೆಲ್ಲ ಈ ತೀರ್ಪಿನ ಹೆಸರು ಬಲ್ಲರು, ಆದರೆ ಅಂದು ನ್ಯಾಯಾಲಯದೊಳಗೆ ಏನೇನು ವಾದ ನಡೆಯಿತೆಂದು ಓದಿದವರು ಕಡಿಮೆ. ತೀರ್ಪಿಗೆ 50 ವರ್ಷ ತುಂಬಿದ ದಿನ, 2023ರ ಏಪ್ರಿಲ್ 24ರಂದು, ಸುಪ್ರೀಂ ಕೋರ್ಟ್ ಇದಕ್ಕೆಂದೇ ಒಂದು ಜಾಲಪುಟ ತೆರೆದು ತೀರ್ಪಿನ ಜೊತೆಗೆ ಲಿಖಿತ ವಾದಗಳನ್ನೂ ಹಾಕಿತು. ಮುಂದೆ ಪ್ರಕರಣದ ವಿವರ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಲ್ಲಿ ಸಿಗುವಂತಾಯಿತು. ಸ್ವಾಮೀಜಿಯ ಪರ ನಾನಿ ಪಾಲ್ಖಿವಾಲಾ ವಾದವನ್ನು ಹೇಗೆ ಕಟ್ಟಿದರು, ಸರ್ಕಾರದ ಪರ ಎಚ್.ಎಂ. ಸೀರವಾಯಿ ಹೇಗೆ ಉತ್ತರಿಸಿದರು ಎಂದು ಮೂಲದಲ್ಲೇ ನೋಡುವ ಅವಕಾಶ ಎಲ್ಲ ವಿದ್ಯಾರ್ಥಿಗಳಿಗೂ ಸಿಕ್ಕಿದೆ. ಈಚಿನ ಪ್ರಕರಣಗಳಲ್ಲಿ ಈ ಅನುಕೂಲ ಇನ್ನೂ ಹೆಚ್ಚು. ಸಂವಿಧಾನ ಪೀಠದ ವಿಚಾರಣೆಗಳು 2022ರ ಸೆಪ್ಟೆಂಬರ್ 27ರಿಂದ ನೇರ ಪ್ರಸಾರವಾಗುತ್ತಿವೆ, 2023ರ ಫೆಬ್ರುವರಿಯಿಂದ ಅವುಗಳ ಮಾತು ಅಕ್ಷರರೂಪದಲ್ಲೂ ಸಿಗತೊಡಗಿದೆ.

ಇನ್ನೂ ಹಿಂದಕ್ಕೆ, ಸಂವಿಧಾನ ಹುಟ್ಟಿದ ಸಭೆಯೊಳಕ್ಕೇ ಹೋಗಬೇಕೆನ್ನುವವರಿಗೆ ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆಯ ಸಂವಿಧಾನದ ಜಾಲತಾಣವಿದೆ. ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಅಲ್ಲಿ ದಿನಾಂಕ ಹಿಡಿದು, ವಿಧಿಯ ಸಂಖ್ಯೆ ಹಿಡಿದು, ಮಾತಾಡಿದವರ ಹೆಸರು ಹಿಡಿದು ಹುಡುಕಬಹುದು. ಮೈಸೂರಿನ ಪ್ರತಿನಿಧಿಯಾಗಿದ್ದ ಕೆಂಗಲ್ ಹನುಮಂತಯ್ಯನವರು 1949ರ ನವೆಂಬರ್‌ನಲ್ಲಿ ಎದ್ದು ನಿಂತು, ವೀಣೆ ಸಿತಾರಿನ ನಾದ ಬಯಸಿದ್ದ ನಮಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿದೆ ಎಂಬರ್ಥದಲ್ಲಿ ಕರಡನ್ನು ಟೀಕಿಸಿದ್ದು ಇಂಥಲ್ಲಿ ಓದಲು ಸಿಗುತ್ತದೆ. ಪಠ್ಯಪುಸ್ತಕದಲ್ಲಿ ತಣ್ಣಗೆ ಕಾಣುವ ವಿಧಿಗಳ ಹಿಂದೆ ಎಂಥ ಬಿಸಿ ಚರ್ಚೆ ನಡೆದಿತ್ತು ಎಂಬುದು ಆಗ ಅರಿವಾಗುತ್ತದೆ.

ತೀರ್ಪು, ಚರ್ಚೆಗಳ ಮಾತು ಇರಲಿ. ದಿನನಿತ್ಯದ ವಕಾಲತ್ತಿನಲ್ಲಿ ಈಚೆಗೆ ಎಲ್ಲರನ್ನೂ ಕಾಡಿದ್ದು ಕಾಯ್ದೆಗಳೇ. 2024ರ ಜುಲೈ 1ರಂದು ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. 1860ರ ಭಾರತೀಯ ದಂಡ ಸಂಹಿತೆಯ 511 ಸೆಕ್ಷನ್ನುಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 358 ಬಂದವು. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಮೂವತ್ತು ವರ್ಷ ಬಾಯಿಪಾಠವಾಗಿದ್ದ ಸಂಖ್ಯೆಗಳೆಲ್ಲ ಒಂದು ರಾತ್ರಿಯಲ್ಲಿ ಬದಲಾದವು. ಕೊಲೆಯ 302 ಈಗ 103. ಊರಲ್ಲೆಲ್ಲ ಬೈಗುಳವಾಗಿದ್ದ 420 ಈಗ 318ನೇ ಸೆಕ್ಷನ್ನಿನ ನಾಲ್ಕನೇ ಉಪಸೆಕ್ಷನ್.

ಬದಲಾದ ಸಂಖ್ಯೆ ಹೊಸದಾದರೆ ಕಲಿಯಬಹುದು. ಹಳೆಯ ಸಂಖ್ಯೆಯೇ ಹೊಸ ಅರ್ಥ ಹೊತ್ತು ಬಂದರೆ ಎಡವುವುದು ಸುಲಭ. ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ 438 ಎಂದರೆ ನಿರೀಕ್ಷಣಾ ಜಾಮೀನು, 482 ಎಂದರೆ ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋಗುವ ದಾರಿ. ಹೊಸದರಲ್ಲಿ 482 ನಿರೀಕ್ಷಣಾ ಜಾಮೀನು, ಹೈಕೋರ್ಟಿನ ಆ ಅಧಿಕಾರ 528. ಹಾಗೆಯೇ 144 ಎಂದರೆ ಎಲ್ಲರಿಗೂ ನೆನಪಾಗುವುದು ನಿಷೇಧಾಜ್ಞೆ. ಅದು ಈಗ 163. ಹೊಸ 144, ಹೆಂಡತಿ ಮಕ್ಕಳ ಜೀವನಾಂಶದ ಸೆಕ್ಷನ್, ಅಂದರೆ ಹಳೆಯ 125. ಇದರ ಮೇಲೆ, ಜುಲೈ 1ಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಹಾಗಾಗಿ ಇನ್ನೂ ಬಹಳ ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು. ಜಾಮೀನು ಅರ್ಜಿಯ ತಲೆಬರಹದಲ್ಲಿ ತಪ್ಪು ಸಂಖ್ಯೆ ಬಿದ್ದರೆ ಕಚೇರಿಯ ಆಕ್ಷೇಪಣೆ ಎದ್ದು, ಅರ್ಜಿ ವಾಪಸು ಬಂದು, ಒಳಗಿರುವವನು ಮತ್ತೆರಡು ದಿನ ಒಳಗೇ ಕೊಳೆಯುವ ಸಾಧ್ಯತೆ ಇದೆ.

ಸಂಖ್ಯೆಗಳ ಈ ಗೊಂದಲಕ್ಕೆ ಪರಿಹಾರವಾಗಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2024ರ ಮಾರ್ಚ್‌ನಲ್ಲಿ ಸಂಕಲನ್ ಎಂಬ ಆ್ಯಪ್ ಹೊರತಂದಿತು. ಹಳೆಯ ಸೆಕ್ಷನ್ನಿಗೆ ಹೊಸದು ಯಾವುದು, ಏನು ಬದಲಾಗಿದೆ ಎಂದು ಹೋಲಿಕೆ ಪಟ್ಟಿ ಅದರಲ್ಲಿದೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನೆಟ್‌ವರ್ಕ್ ಸಿಗದ ಕೋರ್ಟ್ ಹಾಲಿನ ಮೂಲೆಯಲ್ಲಿ ನಿಂತವರಿಗೆ ಇದು ಎಷ್ಟು ಉಪಕಾರಿಯೆಂದು ಬಳಸಿದವರೇ ಬಲ್ಲರು.

ಕೇಂದ್ರದ ಕಾಯ್ದೆಗಳ ಪಠ್ಯಕ್ಕೆ ಇಂಡಿಯಾ ಕೋಡ್ ಜಾಲತಾಣ ಒಳ್ಳೆಯ ಆಸರೆ, ರಾಜ್ಯಗಳ ಕಾಯ್ದೆಗಳೂ ಅಲ್ಲಿವೆ. ಕರ್ನಾಟಕದ ಮಟ್ಟಿಗೆ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣವನ್ನು ನೋಡುವುದು ಒಳ್ಳೆಯದು. ರಾಜ್ಯದ ಅಧಿನಿಯಮಗಳು ಅಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ರಾಜ್ಯದ ಕಾಯ್ದೆಗಳಲ್ಲಿ ಹಳೆಯ ಪುಸ್ತಕ ನಂಬುವುದು ಎಷ್ಟು ಅಪಾಯ ಎಂಬುದಕ್ಕೆ 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆಯ ಉದಾಹರಣೆ ಸಾಕು. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಸೆಕ್ಷನ್ನುಗಳು 2020ರ ತಿದ್ದುಪಡಿಯಲ್ಲಿ ಹೋದವು. ಅದಕ್ಕೆ ಹಿಂದಿನ ಬೇರ್ ಆಕ್ಟ್ ತೆರೆದವರಿಗೆ ಅವೆರಡೂ ಇನ್ನೂ ಇದ್ದಂತೆಯೇ ಕಾಣುತ್ತವೆ.

ವಿದ್ಯಾರ್ಥಿಗಳ ವಿಷಯದಲ್ಲಿ ಕಪಾಟು ಎಲ್ಲರಿಗೂ ಒಂದೇ ಅಳತೆಗೆ ತೆರೆದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ನಾರಾಯಣ ರಾವ್ ಮೆಳಗಿರಿ ಸ್ಮಾರಕ ಗ್ರಂಥಾಲಯದಂಥ ಸಮೃದ್ಧ ಸಂಗ್ರಹವಿದೆ, ಆ ಶಾಲೆ ಹೊರತರುವ ಪತ್ರಿಕೆಗಳ ಲೇಖನಗಳನ್ನು ಹೊರಗಿನವರೂ ಉಚಿತವಾಗಿ ಓದಬಹುದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 6,000 ಕೋಟಿ ರೂಪಾಯಿಯದ್ದು. 30 ಪ್ರಕಾಶನ ಸಂಸ್ಥೆಗಳ ಸುಮಾರು 13,000 ನಿಯತಕಾಲಿಕಗಳು ಇದರಲ್ಲಿವೆ, ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪ್ರಕಾಶನವೂ ಸೇರಿ. ಆದರೆ ಇದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ರಾಜ್ಯದ ಹೆಚ್ಚಿನ ಕಾನೂನು ವಿದ್ಯಾರ್ಥಿಗಳು ಓದುವುದು ಖಾಸಗಿ ಕಾಲೇಜುಗಳಲ್ಲಿ, ಅವರು ಈ ಬಾಗಿಲಿನ ಹೊರಗೇ ಉಳಿದಿದ್ದಾರೆ. ಈ ಅಂತರವನ್ನು ಸರ್ಕಾರ ತುಂಬಲೇಬೇಕು. ಬಡ ಮನೆಯ ಹುಡುಗಿಯೊಬ್ಬಳು ಯಾವ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂಬುದರ ಮೇಲೆ ಅವಳ ಓದಿನ ಎಲ್ಲೆ ನಿಲ್ಲಬಾರದು.

ಎಲ್ಲಕ್ಕಿಂತ ಹೊಸ ಸಾಧನ ಕೃತಕ ಬುದ್ಧಿಮತ್ತೆ. ಪ್ರಶ್ನೆ ಕೇಳಿದರೆ ಕ್ಷಣದಲ್ಲಿ ತೀರ್ಪಿನ ಹೆಸರು, ವರ್ಷ, ಪುಟಸಂಖ್ಯೆ ಸಮೇತ ಉತ್ತರ ಬರುತ್ತದೆ. ಅಂಥ ತೀರ್ಪು ಲೋಕದಲ್ಲೇ ಇಲ್ಲದಿರಬಹುದು. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಮುಂದಿಟ್ಟ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ದೂರದ ಸುದ್ದಿ ಎನ್ನುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಕೊಟ್ಟ ಆದೇಶವೊಂದರಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಕಂಡುಬಂದು, ಆ ಆದೇಶವನ್ನೇ ಹಿಂಪಡೆಯಬೇಕಾಯಿತು. 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳನ್ನು ಉಲ್ಲೇಖಿಸಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ತೆಗೆದುಕೊಂಡಿತು. ಅದೇ ವರ್ಷದ ಜುಲೈನಲ್ಲಿ ಕೇರಳ ಹೈಕೋರ್ಟ್, ತನ್ನ ಜಿಲ್ಲಾ ನ್ಯಾಯಾಂಗ ತೀರ್ಮಾನ ಮಾಡಲು ಇಂಥ ಸಾಧನಗಳನ್ನು ಬಳಸುವಂತಿಲ್ಲ ಎಂದು ನೀತಿಯನ್ನೇ ಹೊರಡಿಸಿತು.

ಉಪಾಯ ಕಷ್ಟದ್ದೇನಲ್ಲ. ಯಾರೇ ಹೇಳಲಿ, ಯಂತ್ರವೇ ಹೇಳಲಿ, ತೀರ್ಪಿನ ತಟಸ್ಥ ಸಂಖ್ಯೆ ಹಿಡಿದು ನ್ಯಾಯಾಲಯದ ಸ್ವಂತ ತಾಣದಲ್ಲಿ ಅದನ್ನು ತೆರೆದು, ಬೇಕಾದ ಪ್ಯಾರಾವನ್ನು ಕಣ್ಣಾರೆ ಓದಬೇಕು. ಆಮೇಲೆ ಅದನ್ನು ಮುಂದಿನ ಯಾವ ಪೀಠವಾದರೂ ತಳ್ಳಿಹಾಕಿದೆಯೇ ಎಂದು ನೋಡಬೇಕು. ಹತ್ತು ನಿಮಿಷದ ಈ ಕೆಲಸ ಮಾಡದೆ ಮೆಮೊಗೆ ಸಹಿ ಹಾಕುವುದು ಕಕ್ಷಿದಾರನ ನಂಬಿಕೆಗೆ ಬಗೆಯುವ ದ್ರೋಹ.

ಕನ್ನಡದ ಓದುಗರನ್ನು ಕಾಡಬೇಕಾದ ಸಂಗತಿ ಬೇರೆಯೇ ಒಂದಿದೆ. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟ್, ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರಿದ್ದಾರೆ. ಕೆಳಹಂತದ ನ್ಯಾಯಾಲಯಗಳಲ್ಲಿ ಸಾಕ್ಷಿ, ಪಾಟೀಸವಾಲು ಕನ್ನಡದಲ್ಲಿ ನಡೆಯುತ್ತವೆ. ಆದರೆ ಓದಬೇಕಾದ ತೀರ್ಪು ಇಂಗ್ಲಿಷಿನಲ್ಲಿ. ಇದಕ್ಕಾಗಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಸುವಾಸ್ ಎಂಬ ಅನುವಾದ ತಂತ್ರಾಂಶವನ್ನು ತಂದಿತು. 2023ರ ಗಣರಾಜ್ಯೋತ್ಸವದ ಹೊತ್ತಿಗೆ ಇ-ಎಸ್‌ಸಿಆರ್‌ನಲ್ಲಿ ಅನುವಾದಗಳು ಸಿಗತೊಡಗಿದಾಗಿನ ಲೆಕ್ಕ ನೋಡಿ: ಹಿಂದಿಯಲ್ಲಿ 1,091 ತೀರ್ಪುಗಳು, ತಮಿಳಿನಲ್ಲಿ 52, ಮಲಯಾಳದಲ್ಲಿ 29, ತೆಲುಗಿನಲ್ಲಿ 28, ಕನ್ನಡದಲ್ಲಿ 17. ಆಮೇಲೆ ಸಂಖ್ಯೆ ಬೆಳೆದಿದೆ, ಆದರೆ ಹಿಂದಿಯ ಪಾಲಿಗೂ ಉಳಿದ ಭಾಷೆಗಳ ಪಾಲಿಗೂ ಇರುವ ದೂರ ದೊಡ್ಡದೇ. ಅನುವಾದದ ಪುಟದಲ್ಲೇ, ಇದು ಕಕ್ಷಿದಾರರ ತಿಳಿವಳಿಕೆಗೆ ಮಾತ್ರ, ಅಧಿಕೃತವಾದದ್ದು ಇಂಗ್ಲಿಷ್ ಪಠ್ಯ ಎಂಬ ಸೂಚನೆಯೂ ಇರುತ್ತದೆ.

ಕಾಯ್ದೆಗಳ ಸ್ಥಿತಿ ಇಷ್ಟು ಬಿಗಿಯಲ್ಲ. 1973ರ ಅಧಿಕೃತ ಪಠ್ಯಗಳ ಕಾಯ್ದೆಯ ಪ್ರಕಾರ, ಕೇಂದ್ರದ ಕಾನೂನಿನ ಕನ್ನಡ ಅನುವಾದ ರಾಷ್ಟ್ರಪತಿಗಳ ಅಧಿಕಾರದಡಿ ರಾಜಪತ್ರದಲ್ಲಿ ಪ್ರಕಟವಾದರೆ ಅದು ಕನ್ನಡದಲ್ಲಿನ ಅಧಿಕೃತ ಪಠ್ಯವೇ ಆಗುತ್ತದೆ. ಸಂವಿಧಾನದ ಕನ್ನಡ ಪಠ್ಯ ಕೇಂದ್ರ ಶಾಸನ ರಚನಾ ಇಲಾಖೆಯ ತಾಣದಲ್ಲಿ ಸಿಗುತ್ತದೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ತೀರ್ಪು ಕೊಟ್ಟು ಹಾದಿ ತೋರಿಸಿದೆ. ಇನ್ನು ಬೇಕಿರುವುದು ಕಾನೂನೂ ಕನ್ನಡವೂ ಎರಡೂ ಬಲ್ಲ ಅನುವಾದಕರು, ಅವರಿಗೆ ತಕ್ಕ ಸಂಬಳ, ಮತ್ತು ಯಾವ ತೀರ್ಪು ಮೊದಲು ಕನ್ನಡಕ್ಕೆ ಬರಬೇಕೆಂಬ ಆಯ್ಕೆ. ಪಾಲಿನ ದಾವೆ, ಜೀವನಾಂಶ, ಜಾಮೀನು, ಜಮೀನು, ಅಪಘಾತ ಪರಿಹಾರ: ಹಳ್ಳಿಯ ಜನ ಕೋರ್ಟಿನ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಇವುಗಳಿಗೆ. ಈ ವಿಷಯಗಳ ಮುಖ್ಯ ತೀರ್ಪುಗಳಿಂದಲೇ ಶುರು ಮಾಡಿದರೆ ವಕೀಲರಿಗಿಂತ ಮೊದಲು ಕಕ್ಷಿದಾರರಿಗೆ ಉಪಯೋಗವಾಗುತ್ತದೆ.

ಕಕ್ಷಿದಾರರಿಗೆ ಈಗಲೇ ಸಿಗುವ ಒಂದು ಸೌಲಭ್ಯವನ್ನು ಮಾತ್ರ ಪ್ರತಿಯೊಬ್ಬ ವಕೀಲರೂ ತಿಳಿಸಿಕೊಡಬೇಕು. ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಕರ್ನಾಟಕದ್ದಾದರೆ ಕೆಎ ಎಂದು ಶುರುವಾಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ವಾಯಿದೆ ಎಂದು, ಹಿಂದಿನ ಬಾರಿ ಏನಾಯಿತು, ಯಾವ ಹಂತದಲ್ಲಿದೆ ಎಂಬುದೆಲ್ಲ ತೋರುತ್ತದೆ. ವಕಾಲತ್ತು ಹಾಕಿದ ದಿನವೇ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ, ವಾಯಿದೆ ಮುಂದಕ್ಕೆ ಹೋಯಿತೆಂದು ತಿಳಿಯಲು ಅವರು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರಬೇಕಿಲ್ಲ.